ಗಲ್ಲಾಕ್ಕೆ ಬೀಳುವ ಮುನ್ನ: ಅಂಗಡಿಯಲ್ಲಿ ಖೊಟ್ಟಿ ನೋಟು ಗುರುತಿಸುವ ಕ್ರಮ

ಗಲ್ಲಾದೊಳಗೆ ಬಿದ್ದ ಖೊಟ್ಟಿ ನೋಟು ಯಾರ ಕೈಯಿಂದ ಬಂದದ್ದು ಎಂಬುದನ್ನು ರಾತ್ರಿ ಲೆಕ್ಕ ಮಾಡುವಾಗ ಯಾರೂ ಹೇಳಲಾರರು. ಬ್ಯಾಂಕಿಗೆ ಒಯ್ದರೆ ಬ್ಯಾಂಕು ಅದನ್ನು ಮುಟ್ಟುಗೋಲು ಹಾಕಿಕೊಳ್ಳುತ್ತದೆ, ಬದಲಿಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಗೊತ್ತಿದ್ದೂ ಇನ್ನೊಬ್ಬ ಗಿರಾಕಿಗೆ ದಾಟಿಸಿದರೆ ಅದು ಜೈಲಿಗೆ ಒಯ್ಯುವ ಅಪರಾಧ. ಹೀಗಾಗಿ ನೋಟನ್ನು ಪರೀಕ್ಷಿಸಲು ಅಂಗಡಿಕಾರನಿಗೆ ಸಿಗುವುದು ಅದು ಗಿರಾಕಿಯ ಕೈಬಿಟ್ಟು ಗಲ್ಲಾ ಸೇರುವ ನಡುವಿನ ಕೆಲವೇ ಸೆಕೆಂಡುಗಳು. ಆ ಸೆಕೆಂಡುಗಳಲ್ಲಿ ಬೆರಳು, ಕಣ್ಣು ಮತ್ತು ಮಾತು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರವಾಗಿ ಹೇಳಲಾಗಿದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ; ಬೇಕಾಗಿರುವುದು ಪ್ರತಿ ನೋಟಿಗೂ, ಪ್ರತಿ ಗಿರಾಕಿಗೂ ತಪ್ಪದೆ ಪಾಲಿಸುವ ಒಂದೇ ರೂಢಿ.

ಫೋನಿನಿಂದ ಹಣ ಕಳಿಸುವುದು ಎಷ್ಟೇ ಹೆಚ್ಚಿದ್ದರೂ ನಮ್ಮ ಭಾಗದಲ್ಲಿ ನಗದು ವ್ಯವಹಾರ ಕಡಿಮೆಯಾಗಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯಾಗಿ ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜ್‌ಗೆ ಬರತೊಡಗಿದಾಗ, ಶಹಾಪುರ, ಸುರಪುರದ ಕಡೆ ಹತ್ತಿಯ ಮಾರಾಟ ನಡೆದಾಗ ಐನೂರರ ನೋಟುಗಳು ದೊಡ್ಡ ಪ್ರಮಾಣದಲ್ಲಿ ಕೈ ಬದಲಾಯಿಸುತ್ತವೆ. ಅದೇ ಹಣ ಸಂಜೆಯೊಳಗೆ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಗೂ ಕಿರಾಣಾ ಬಜಾರಕ್ಕೂ ಔಷಧಿ ಅಂಗಡಿಗೂ ಬರುತ್ತದೆ. ಬೀದರಿನ ಪೇಟೆಗೆ ಜಹೀರಾಬಾದ್, ಉದಗೀರ್ ಕಡೆಯಿಂದಲೂ ಜನ ಬರುತ್ತಾರೆ. ಗಿರಾಕಿಯ ಮುಖ ಪರಿಚಯದ್ದಾಗಿರಬೇಕೆಂದಿಲ್ಲ. ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ಉರುಸುಗಳಲ್ಲಿ ಸಾಲು ಸಾಲಾಗಿ ಹಾಕಿದ ಅಂಗಡಿಗಳಿಗಂತೂ ಬೆಳಕು ಕಡಿಮೆ, ನೂಕುನುಗ್ಗಲು ಹೆಚ್ಚು. ಖೊಟ್ಟಿ ನೋಟು ಚಲಾಯಿಸುವವನು ಹುಡುಕುವುದು ಇಂಥ ಹೊತ್ತನ್ನೇ.

ನಷ್ಟದ ಲೆಕ್ಕವನ್ನು ಸರಿಯಾಗಿ ತಿಳಿಯಬೇಕು. ಒಬ್ಬನು 40 ರೂಪಾಯಿಯ ಸಾಬೂನು ಕೊಂಡು ಐನೂರರ ಖೊಟ್ಟಿ ನೋಟು ಕೊಟ್ಟರೆ, ಅಂಗಡಿಯಿಂದ ಹೋಗುವುದು ಸಾಬೂನು ಒಂದೇ ಅಲ್ಲ, 460 ರೂಪಾಯಿಯ ಅಸಲಿ ಚಿಲ್ಲರೆಯೂ ಹೋಗುತ್ತದೆ. ಆ ಅಸಲಿ ಹಣವೇ ಅವನಿಗೆ ಬೇಕಾದದ್ದು, ಸಾಬೂನು ಬರೀ ನೆಪ. ಆದುದರಿಂದ ಸಣ್ಣ ಖರೀದಿಗೆ ದೊಡ್ಡ ನೋಟು ಬಂದಾಗ ಒಂದು ಕ್ಷಣ ಹೆಚ್ಚು ನಿಲ್ಲುವುದು ಸರಿಯಾದ ಕ್ರಮ. ಹಾಗೆಂದು ಸಣ್ಣ ಖರೀದಿಗೆ ದೊಡ್ಡ ನೋಟು ಕೊಟ್ಟವರೆಲ್ಲ ಮೋಸಗಾರರಲ್ಲ. ವಾರದ ಕೂಲಿಯನ್ನು ಒಂದೇ ನೋಟಿನಲ್ಲಿ ಪಡೆದವನಿಗೆ ಕೊಡಲು ಬೇರೆ ಏನೂ ಇರುವುದಿಲ್ಲ.

ಯಾವ ನೋಟಿನ ಮೇಲೆ ಗಮನ ಇಡಬೇಕು? ರಿಸರ್ವ್ ಬ್ಯಾಂಕಿನ 2024–25ರ ವಾರ್ಷಿಕ ವರದಿಯ ಪ್ರಕಾರ ಆ ವರ್ಷ ಬ್ಯಾಂಕುಗಳಲ್ಲಿ ಪತ್ತೆಯಾದ ಖೊಟ್ಟಿ ನೋಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 1.17 ಲಕ್ಷಕ್ಕೂ ಮೀರಿ, ಐನೂರರವು. ಆದ್ದರಿಂದ ಐನೂರರ ಪ್ರತಿ ನೋಟನ್ನೂ ನೋಡಲೇಬೇಕು; ಇನ್ನೂರರ ನೋಟನ್ನೂ ಬಿಡಬಾರದು; ನೂರರ ನೋಟನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರೆ ಸಾಕು. ಹತ್ತು, ಇಪ್ಪತ್ತರ ನೋಟುಗಳಿಗಾಗಿ ಸಾಲನ್ನು ನಿಲ್ಲಿಸುವ ಅಗತ್ಯವಿಲ್ಲ.

ಬೆರಳಿನ ಪರೀಕ್ಷೆ

ನಮ್ಮ ನೋಟಿನ ಕಾಗದವನ್ನು ಹತ್ತಿಯ ನಾರಿನಿಂದ ಮಾಡುತ್ತಾರೆ. ಪುಸ್ತಕ, ಪತ್ರಿಕೆಗಳ ಕಾಗದದಂತೆ ಅದು ಮರದ ತಿರುಳಿನದ್ದಲ್ಲ. ಇಂಥ ಕಾಗದ ತಯಾರಿಸುವ ಒಂದು ಕಾರ್ಖಾನೆಯೂ ನೋಟು ಅಚ್ಚು ಹಾಕುವ ಒಂದು ಮುದ್ರಣಾಲಯವೂ ನಮ್ಮದೇ ರಾಜ್ಯದ ಮೈಸೂರಿನಲ್ಲಿವೆ. ಹತ್ತಿಯ ಕಾಗದಕ್ಕೆ ಒಂದು ಬಿಗಿತ ಇರುತ್ತದೆ. ನೋಟನ್ನು ಎರಡೂ ತುದಿಯಲ್ಲಿ ಹಿಡಿದು ಸ್ವಲ್ಪ ಎಳೆದರೆ ಗರಗರ ಸದ್ದು ಬರುತ್ತದೆ. ಆದರೆ ಈ ಸದ್ದೊಂದನ್ನೇ ನಂಬಿ ಕೂಡಬಾರದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅಂಗಿಯ ಕಿಸೆಯಲ್ಲೋ ಸೆರಗಿನ ಗಂಟಿನಲ್ಲೋ ಬೆವರಿಗೆ ತೊಯ್ದ ಅಸಲಿ ನೋಟು ಮೆತ್ತಗಾಗಿರುತ್ತದೆ. ಹೊಸದಾಗಿ ಅಚ್ಚಾದ ಖೊಟ್ಟಿ ನೋಟು ಅದಕ್ಕಿಂತ ಗರಿಗರಿಯಾಗಿರಬಹುದು.

ಇದಕ್ಕಿಂತ ಹೆಚ್ಚು ನಂಬಬಹುದಾದದ್ದು ಉಬ್ಬು ಮುದ್ರಣ. ಐನೂರರ ನೋಟಿನ ಮುಂಭಾಗದಲ್ಲಿ ಗಾಂಧೀಜಿಯ ಚಿತ್ರ, ಬಲಗಡೆಯ ಅಶೋಕ ಸ್ತಂಭದ ಲಾಂಛನ, ಅದೇ ಬದಿಯಲ್ಲಿರುವ ಒಂದು ದುಂಡನೆಯ ಗುರುತು, ಎಡ ಮತ್ತು ಬಲ ಅಂಚುಗಳಲ್ಲಿ ಓರೆಯಾಗಿ ಹಾಕಿದ ಐದೈದು ಗೆರೆಗಳು, ಇವೆಲ್ಲ ಕಾಗದದಿಂದ ಮೇಲಕ್ಕೆ ಎದ್ದಿರುತ್ತವೆ. ಹೆಬ್ಬೆರಳಿನ ಉಗುರನ್ನು ಅಂಚಿನ ಗೆರೆಗಳ ಮೇಲೆ ಅಡ್ಡಲಾಗಿ ಎಳೆದರೆ ಅದು ಒಂದೊಂದು ಗೆರೆಗೂ ತಡೆದು ತಡೆದು ಸಾಗುತ್ತದೆ. ಕಂಪ್ಯೂಟರ್ ಪ್ರಿಂಟರಿನಲ್ಲೋ ಬಣ್ಣದ ಜೆರಾಕ್ಸ್ ಯಂತ್ರದಲ್ಲೋ ತೆಗೆದ ನೋಟಿನಲ್ಲಿ ಗೆರೆಗಳು ಕಣ್ಣಿಗೆ ಕಾಣುತ್ತವೆ, ಉಗುರಿಗೆ ಮಾತ್ರ ಸಿಗುವುದಿಲ್ಲ. ಇನ್ನೂರರ ನೋಟಿನಲ್ಲಿ ಇಂಥ ಓರೆ ಗೆರೆಗಳು ನಾಲ್ಕು, ಅವುಗಳ ನಡುವೆ ಎರಡು ಸಣ್ಣ ವೃತ್ತಗಳು. ಹೊಸ ನೂರರ ನೋಟಿನಲ್ಲಿ ನಾಲ್ಕು ಗೆರೆಗಳು ಮತ್ತು ತ್ರಿಕೋನದ ಉಬ್ಬು ಗುರುತು. ಹಳೆಯ ನೋಟುಗಳಲ್ಲಿ ಉಬ್ಬು ಸವೆದಿರುತ್ತದೆ ಎಂಬುದು ನಿಜ, ಆದರೂ ಎರಡು ಅಂಚುಗಳಲ್ಲಿ ಒಂದರಲ್ಲಾದರೂ ಸ್ವಲ್ಪ ಉಳಿದಿರುತ್ತದೆ. ಹಿಟ್ಟು, ಎಣ್ಣೆ, ಬೆಲ್ಲ ಮುಟ್ಟಿದ ಕೈಯಿಂದ ಈ ಪರೀಕ್ಷೆ ಆಗದು. ತೂಕದ ಕೆಲಸ ಮಾಡುವವರೇ ಗಲ್ಲಾವನ್ನೂ ನೋಡಿಕೊಳ್ಳುವ ಸಣ್ಣ ಕಿರಾಣಿ ಅಂಗಡಿಗಳಲ್ಲಿ ಪಕ್ಕಕ್ಕೆ ಒಂದು ಒಣ ಬಟ್ಟೆ ಇಟ್ಟುಕೊಳ್ಳಬೇಕು.

ಈ ಉಬ್ಬು ಗುರುತುಗಳನ್ನು ಹಾಕಿರುವುದು ದೃಷ್ಟಿ ಇಲ್ಲದವರು ನೋಟಿನ ಬೆಲೆ ತಿಳಿಯಲೆಂದು. ಅವರಿಗಾಗಿಯೇ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮನಿ’ ಎಂಬ ಮೊಬೈಲ್ ಆ್ಯಪ್ ಒಂದನ್ನು ಹೊರತಂದಿದೆ. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಅದು ಎಷ್ಟರ ನೋಟೆಂದು ಹೇಳುತ್ತದೆಯೇ ಹೊರತು ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ಅಂಗಡಿಯಲ್ಲಿ ಅದನ್ನು ಖೊಟ್ಟಿ ನೋಟು ಹಿಡಿಯುವ ಸಾಧನವೆಂದು ಬಳಸುವುದು ತಪ್ಪು.

ಓರೆ ಮಾಡಿ ನೋಡುವುದು

ಒಂದೇ ಪರೀಕ್ಷೆಗೆ ಸಮಯವಿದೆ ಎಂದರೆ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ಸಾಮಾನ್ಯ ಪ್ರಿಂಟರಿಗೆ ಇದನ್ನು ಅನುಕರಿಸಲು ಸಾಧ್ಯವಿಲ್ಲ. ಐನೂರರ ನೋಟಿನ ಮುಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ತುಂಡು ತುಂಡಾಗಿ ಹೊಳೆಯುವ ಭದ್ರತಾ ಎಳೆ ಇದೆ. ನೇರವಾಗಿ ನೋಡಿದಾಗ ಹಸಿರಾಗಿರುವ ಅದು, ನೋಟನ್ನು ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ಓರೆ ಮಾಡಿದಾಗ ನೀಲಿಯಾಗುತ್ತದೆ. ಅದರ ಮೇಲೆ ದೇವನಾಗರಿಯಲ್ಲಿ ‘ಭಾರತ’ ಎಂದೂ ಇಂಗ್ಲಿಷಿನಲ್ಲಿ ‘ಆರ್‌ಬಿಐ’ ಎಂದೂ ಬರೆದಿರುತ್ತದೆ. ಬಲಗಡೆ ಕೆಳಭಾಗದಲ್ಲಿ ರೂಪಾಯಿ ಚಿಹ್ನೆಯೊಂದಿಗೆ ದೊಡ್ಡದಾಗಿ ಅಚ್ಚಾದ 500 ಎಂಬ ಅಂಕಿಯೂ ಹೀಗೆಯೇ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಇನ್ನೂರರ ನೋಟಿನಲ್ಲಿ ಎಳೆ ಮತ್ತು ಅಂಕಿ ಎರಡೂ ಬಣ್ಣ ಬದಲಾಯಿಸುತ್ತವೆ. ಹೊಸ ನೂರರಲ್ಲಿ ಎಳೆ ಮಾತ್ರ ಬದಲಾಯಿಸುತ್ತದೆ, ಅಂಕಿ ಬದಲಾಯಿಸುವುದಿಲ್ಲ; ಇದನ್ನು ತಿಳಿಯದೆ ಒಳ್ಳೆಯ ನೂರರ ನೋಟನ್ನು ಹಿಂದಿರುಗಿಸಬಾರದು.

ಖೊಟ್ಟಿ ನೋಟಿನವರು ಹೊಳೆಯುವ ಹಾಳೆಯ ಸಣ್ಣ ಪಟ್ಟಿಯನ್ನು ಅಂಟಿಸುತ್ತಾರೆ, ಇಲ್ಲವೆ ಹಸಿರು ಬಣ್ಣದಲ್ಲಿ ಗೆರೆ ಎಳೆಯುತ್ತಾರೆ. ಪಟ್ಟಿ ಮಿನುಗಬಹುದು, ಆದರೆ ಮಿನುಗುವುದೇ ಬೇರೆ, ಬಣ್ಣ ಬದಲಾಗುವುದೇ ಬೇರೆ. ಓರೆ ಮಾಡಿದಾಗ ಹಸಿರು ಕೇವಲ ತಿಳಿಯಾಗುತ್ತಿದ್ದರೆ ಅಥವಾ ಕಪ್ಪಾಗುತ್ತಿದ್ದರೆ ಅದನ್ನು ಬದಲಾವಣೆ ಎಂದು ಎಣಿಸಬಾರದು, ನೀಲಿಯೇ ಕಾಣಬೇಕು. ಅಂಟಿಸಿದ ಪಟ್ಟಿಯ ಅಂಚನ್ನು ಉಗುರಿನಿಂದ ಕೆದಕಿದರೆ ಅದು ಮೇಲಕ್ಕೇಳುವುದೂ ಉಂಟು. ಅಸಲಿ ಎಳೆ ಕಾಗದದ ಒಳಗೇ ಹಾದುಹೋಗಿರುವುದರಿಂದ ಅದಕ್ಕೆ ಕಿತ್ತುಬರುವ ಅಂಚು ಇರುವುದಿಲ್ಲ.

ಇಲ್ಲಿ ಅಂಗಡಿಯ ದೀಪದ ಮಾತು ಬರುತ್ತದೆ. ಹಬ್ಬಕ್ಕೆಂದು ಹಾಕಿದ ಕೆಂಪು, ನೀಲಿ ದೀಪಗಳ ಕೆಳಗೆ, ಹಳದಿ ಬಲ್ಬಿನ ಕೆಳಗೆ ಹಸಿರು ನೀಲಿಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಗಲ್ಲಾದ ಮೇಲೆ ಒಂದು ಬಿಳಿ ದೀಪ ಇರಲೇಬೇಕು. ಕರೆಂಟು ಹೋಗುವ ಊರುಗಳಲ್ಲಿ ಬ್ಯಾಟರಿಯ ಬಿಳಿ ದೀಪವೊಂದನ್ನು ಅಲ್ಲೇ ಇಟ್ಟುಕೊಳ್ಳುವುದು ಒಳಿತು, ಏಕೆಂದರೆ ಕರೆಂಟು ಹೋದ ಹತ್ತು ನಿಮಿಷ ಅಂಗಡಿಗೆ ಅತ್ಯಂತ ಅಪಾಯದ ಹೊತ್ತು.

ಮುಂಭಾಗದಲ್ಲಿ ಅಡಗಿರುವ ಇನ್ನೊಂದು 500 ಅಂಕಿಯೂ ಇದೆ. ನೋಟನ್ನು ಕಣ್ಣಿನ ಮಟ್ಟಕ್ಕೆ ತಂದು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದಾಗ ಮಾತ್ರ ಅದು ಕಾಣಿಸುತ್ತದೆ. ಸಂಶಯ ಬಂದ ನೋಟಿಗೆ ಇದು ಒಳ್ಳೆಯ ಪರೀಕ್ಷೆ. ದಿನನಿತ್ಯದ ಗದ್ದಲದಲ್ಲಿ ಪ್ರತಿ ನೋಟಿಗೂ ಇದನ್ನು ಮಾಡಲಾಗದು.

ಬೆಳಕಿಗೆ ಹಿಡಿಯುವುದು

ನೋಟನ್ನು ಬೆಳಕಿಗೆ ಅಡ್ಡ ಹಿಡಿದರೆ ಮೂರು ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಬಲಗಡೆ ಖಾಲಿಯಾಗಿ ಕಾಣುವ ಜಾಗದಲ್ಲಿ ಗಾಂಧೀಜಿಯ ಮುಖ ಮತ್ತು 500 ಎಂಬ ಅಂಕಿಯ ವಾಟರ್‌ಮಾರ್ಕ್ ಮೂಡುತ್ತದೆ. ತುಂಡು ತುಂಡಾಗಿ ಕಾಣುತ್ತಿದ್ದ ಭದ್ರತಾ ಎಳೆ ಈಗ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಾಗುತ್ತದೆ. ಎಡಗಡೆ, ಮುಂದೆ ಅರ್ಧ ಹಿಂದೆ ಅರ್ಧ ಅಚ್ಚಾದ ಅಂಕಿಯ ಚೂರುಗಳು ಕೂಡಿ ಪೂರ್ತಿ 500 ಆಗುತ್ತದೆ.

ವಾಟರ್‌ಮಾರ್ಕ್ ಇದೆಯೇ ಎಂದಷ್ಟೇ ನೋಡುವುದು ಹಲವರ ರೂಢಿ. ಅದು ಹೇಗಿದೆ ಎಂದು ನೋಡಬೇಕು. ಅಸಲಿ ವಾಟರ್‌ಮಾರ್ಕ್ ಶಾಯಿಯಿಂದ ಆದದ್ದಲ್ಲ. ಕಾಗದ ತಯಾರಾಗುವಾಗಲೇ ಎಲ್ಲಿ ನಾರು ದಪ್ಪ, ಎಲ್ಲಿ ತೆಳು ಎಂಬುದರಿಂದ ಮೂಡಿದ ನೆರಳು. ಆದ್ದರಿಂದ ಕೆನ್ನೆ, ಹಣೆ, ಕನ್ನಡಕದ ಸುತ್ತ ಬೆಳಕಿನಿಂದ ಕತ್ತಲಿಗೆ ಮೆಲ್ಲಗೆ ಇಳಿಯುವ ಛಾಯೆ ಇರುತ್ತದೆ, ನೋಟನ್ನು ಮೇಜಿನ ಮೇಲಿಟ್ಟರೆ ಅದು ಹೆಚ್ಚುಕಡಿಮೆ ಮಾಯವಾಗುತ್ತದೆ. ಖೊಟ್ಟಿ ನೋಟಿನಲ್ಲಿ ಅದನ್ನು ಬೂದು ಅಥವಾ ಎಣ್ಣೆಯಂಥ ಶಾಯಿಯಿಂದ ಅಚ್ಚು ಹಾಕಿರುತ್ತಾರೆ; ಅಂಚು ಗೆರೆ ಕೊರೆದಂತೆ ಕಾಣುತ್ತದೆ, ಮೇಜಿನ ಮೇಲಿಟ್ಟರೂ ಮುಖ ಕಾಣುತ್ತಲೇ ಇರುತ್ತದೆ. ಎಡಗಡೆಯ ಕೂಡುವ ಅಂಕಿಯಲ್ಲಿ ಚೂರುಗಳು ಒಂದರ ಮೇಲೊಂದು ಹತ್ತಿದ್ದರೆ ಅಥವಾ ನಡುವೆ ಬಿರುಕು ಬಿಟ್ಟಿದ್ದರೆ ಮುಂದಿನ ಪರೀಕ್ಷೆಗೆ ಹೋಗಬೇಕು. ಹಗಲಿನಲ್ಲಿ ಈ ಕೆಲಸಕ್ಕೆ ಅಂಗಡಿಯ ಬಾಗಿಲಿನಿಂದ ಬರುವ ಬಿಸಿಲಿಗಿಂತ ಒಳ್ಳೆಯ ದೀಪ ಬೇರೆ ಇಲ್ಲ.

ಅಂಕಿ, ಅಕ್ಷರ

ಹೊಸ ಸರಣಿಯ ನೋಟುಗಳಲ್ಲಿ ಕ್ರಮಸಂಖ್ಯೆಯು ಎಡಗಡೆ ಮೇಲೆ ಮತ್ತು ಬಲಗಡೆ ಕೆಳಗೆ ಎರಡು ಕಡೆ ಇರುತ್ತದೆ, ಅಂಕಿಗಳು ಎಡದಿಂದ ಬಲಕ್ಕೆ ಸಣ್ಣದರಿಂದ ದೊಡ್ಡದಾಗುತ್ತ ಹೋಗುತ್ತವೆ. ಎರಡೂ ಕಡೆ ಸಂಖ್ಯೆ ಒಂದೇ ಆಗಿರಬೇಕು. ಒಬ್ಬನೇ ಗಿರಾಕಿ ನಾಲ್ಕಾರು ಐನೂರರ ನೋಟು ಕೊಟ್ಟಾಗ, ಅವುಗಳನ್ನು ಬೀಸಣಿಗೆಯಂತೆ ಹರಡಿ ಕೊನೆಯ ಮೂರು ಅಂಕಿಗಳನ್ನು ಓದಬೇಕು. ಅವು ಹೊಂದಿಕೊಂಡರೆ ಪೂರ್ತಿ ಸಂಖ್ಯೆಯನ್ನು ಹೋಲಿಸಬೇಕು. ಖೊಟ್ಟಿ ನೋಟುಗಳನ್ನು ಒಂದೇ ಪ್ರತಿಯಿಂದ ತೆಗೆಯುವುದರಿಂದ ಒಂದೇ ಸಂಖ್ಯೆ ಹಲವದರ ಮೇಲೆ ಬರುವುದುಂಟು. ಒಂದೇ ಬೆಲೆಯ ಎರಡು ನೋಟುಗಳಿಗೆ ಒಂದೇ ಸಂಖ್ಯೆ ಕಂಡು, ಸಂಖ್ಯೆಯ ಹಿಂದೆ ಅಚ್ಚಾದ ಅಕ್ಷರ, ಮುದ್ರಣದ ವರ್ಷ ಮತ್ತು ಗವರ್ನರರ ಸಹಿಯೂ ಒಂದೇ ಆಗಿದ್ದರೆ, ಅವುಗಳಲ್ಲಿ ಒಂದಾದರೂ ಖೊಟ್ಟಿ ಎಂದೇ ತಿಳಿದು ಎರಡನ್ನೂ ಪಕ್ಕಕ್ಕಿಡಬೇಕು; ಈ ಮೂರರಲ್ಲಿ ಒಂದು ಬೇರೆಯಿದ್ದರೆ ಎರಡೂ ಅಸಲಿಯಾಗಿರಬಹುದು.

ಐನೂರರ ನೋಟಿನ ಹಿಂಭಾಗದಲ್ಲಿ ಕೆಂಪು ಕೋಟೆಯ ಚಿತ್ರದ ಎಡಗಡೆ ಹದಿನೈದು ಭಾಷೆಗಳಲ್ಲಿ ನೋಟಿನ ಬೆಲೆ ಬರೆದ ಪಟ್ಟಿ ಇದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ, ಎಂಟನೆಯದು ಮರಾಠಿ, ಹದಿನಾಲ್ಕನೆಯದು ತೆಲುಗು, ಕೊನೆಯದು ಉರ್ದು. ಬೀದರಿನ ಪೇಟೆಯಲ್ಲಿ ಈ ನಾಲ್ಕನ್ನೂ ಓದಬಲ್ಲ ಅಂಗಡಿಕಾರರು ಇದ್ದಾರೆ, ಅವರಿಗೆ ಈ ಪಟ್ಟಿ ಬಹಳ ಉಪಯುಕ್ತ. ದಿನವೂ ಓದುವ ಲಿಪಿಯಲ್ಲಿ ಒಂದು ಒತ್ತಕ್ಷರ ಮೆತ್ತಿಕೊಂಡಿದ್ದರೂ ಒಂದು ಕೊಂಬು ಹಾರಿಹೋಗಿದ್ದರೂ ಕಣ್ಣಿಗೆ ಬೇಗ ತಿಳಿಯುತ್ತದೆ. ಸಾಮಾನ್ಯ ಪ್ರಿಂಟರಿನಲ್ಲಿ ತೆಗೆದ ನೋಟಿನ ಇಷ್ಟು ಸಣ್ಣ ಅಕ್ಷರಗಳನ್ನು ಭೂತಕನ್ನಡಿಯಿಂದ ನೋಡಿದರೆ ಗೆರೆಗಳ ಬದಲು ಬಣ್ಣದ ಚುಕ್ಕೆಗಳು ಕಾಣುತ್ತವೆ.

ಅಳತೆಯನ್ನೂ ಮರೆಯಬಾರದು. ಐನೂರರ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ಇನ್ನೂರರದ್ದು 146, ಹೊಸ ನೂರರದ್ದು 142 ಉದ್ದ, ಅಗಲ ಅಷ್ಟೇ. ನಂಬಿಕೆಯ ನೋಟೊಂದನ್ನು ಗಲ್ಲಾದ ಪಕ್ಕದಲ್ಲಿ ಇಟ್ಟುಕೊಂಡು ಸಂಶಯದ ನೋಟನ್ನು ಅದರ ಮೇಲಿಟ್ಟು ನೋಡಿದರೆ ಕತ್ತರಿಸಿದ ಅಂಚಿನ ಸೊಟ್ಟ ತಕ್ಷಣ ಗೊತ್ತಾಗುತ್ತದೆ. ದೊಡ್ಡ ಕಟ್ಟು ಪಡೆಯುವ ಗಂಜಿನ ದಲಾಲಿ ಅಂಗಡಿಗಳು ಇನ್ನೊಂದು ಮೋಸಕ್ಕೂ ಎಚ್ಚರವಾಗಿರಬೇಕು: ಕಟ್ಟಿನ ಮೇಲೆ ಕೆಳಗೆ ಅಸಲಿ ನೋಟು, ನಡುವೆ ಮಕ್ಕಳ ಆಟದ ನೋಟು. ಅವುಗಳ ಮೇಲೆ ರಿಸರ್ವ್ ಬ್ಯಾಂಕಿನ ಹೆಸರಿನ ಜಾಗದಲ್ಲಿ ಬೇರೆ ಯಾವುದೋ ಹೆಸರು ಅಚ್ಚಾಗಿರುತ್ತದೆ. ಕಟ್ಟನ್ನು ಬಿಚ್ಚದೆ ಎಣಿಸಿದವರಷ್ಟೇ ಇದಕ್ಕೆ ಬಲಿಯಾಗುತ್ತಾರೆ.

ದೀಪ ಮತ್ತು ಯಂತ್ರ

ಅಂಗೈಯಲ್ಲಿ ಹಿಡಿಯುವ ನೇರಳೆ ದೀಪ, ಅಂಗಡಿಕಾರರು ಯುವಿ ಲೈಟ್ ಎನ್ನುವುದು, ಕಡಿಮೆ ಖರ್ಚಿನ ಒಳ್ಳೆಯ ಸಾಧನ. ಅದರ ಕೆಳಗೆ ಅಸಲಿ ನೋಟಿನ ಕಾಗದ ಮಂಕಾಗಿಯೇ ಉಳಿಯುತ್ತದೆ. ಕ್ರಮಸಂಖ್ಯೆ, ಭದ್ರತಾ ಎಳೆ ಮತ್ತು ಕಾಗದದಲ್ಲಿ ಅಲ್ಲಲ್ಲಿ ಚದುರಿದ ಸಣ್ಣ ನಾರುಗಳು ಮಾತ್ರ ಹೊಳೆಯುತ್ತವೆ. ಅಂಗಡಿಯಲ್ಲಿ ಸಿಗುವ ಬಿಳಿ ಕಾಗದಕ್ಕೆ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸಿರುವುದರಿಂದ, ಅದರಲ್ಲಿ ಮಾಡಿದ ಖೊಟ್ಟಿ ನೋಟು ಇಡೀ ನೀಲಿಬಿಳಿಯಾಗಿ ಬೆಳಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಬಟ್ಟೆ ತೊಳೆಯುವ ಪುಡಿಯಲ್ಲೂ ಅದೇ ರಾಸಾಯನಿಕ ಇರುತ್ತದೆ. ಕಿಸೆಯಲ್ಲೇ ಉಳಿದು ಅಂಗಿಯೊಂದಿಗೆ ಒಗೆತಕ್ಕೆ ಹೋದ ಅಸಲಿ ನೋಟೂ ನೇರಳೆ ದೀಪದ ಕೆಳಗೆ ಬೆಳಗಬಹುದು. ಅಂಥ ನೋಟಿಗೆ ಬಣ್ಣ ಬದಲಾಗುವ ಎಳೆ ಮತ್ತು ಅಂಕಿಯನ್ನು ನೋಡಿಯೇ ತೀರ್ಮಾನಿಸಬೇಕು. ಈ ದೀಪವನ್ನು ಬಿಸಿಲು ಬೀಳುವ ಕಡೆ ಬಳಸಿದರೆ ಏನೂ ಕಾಣುವುದಿಲ್ಲ. ಕೌಂಟರಿನ ಕೆಳಗೆ ನೆರಳಿನಲ್ಲಿ ಅಥವಾ ಒಂದು ರಟ್ಟಿನ ಪೆಟ್ಟಿಗೆಯೊಳಗೆ ಅಳವಡಿಸಬೇಕು. ಅದರ ಬೆಳಕನ್ನು ನೇರವಾಗಿ ಕಣ್ಣಿಗೆ ಬಿಡಬಾರದು.

ನೋಟು ಎಣಿಸುವ ಯಂತ್ರಗಳಲ್ಲಿ ನೇರಳೆ ಬೆಳಕಿನ ಜೊತೆಗೆ ಅಯಸ್ಕಾಂತ ಮತ್ತು ಅವಗೆಂಪು ಬೆಳಕಿನ ಪರೀಕ್ಷೆಗಳೂ ಇರುತ್ತವೆ. ಅಗ್ಗದ ಯಂತ್ರಗಳು ನೇರಳೆ ಬೆಳಕೊಂದನ್ನೇ ನೋಡಿ ತೀರ್ಪು ಕೊಡುವುದರಿಂದ, ಕೊಳ್ಳುವಾಗ ಯಾವ ಯಾವ ಪರೀಕ್ಷೆಗಳಿವೆ ಎಂದು ಕೇಳಿ, ತೊಳೆದ ನೋಟು, ಸವೆದ ನೋಟುಗಳನ್ನು ಹಾಕಿಸಿ ನೋಡಬೇಕು. ಯಂತ್ರ ಸದ್ದು ಮಾಡಿದ ನೋಟೆಲ್ಲ ಖೊಟ್ಟಿಯಲ್ಲ, ಸುಮ್ಮನೆ ಬಿಟ್ಟ ನೋಟೆಲ್ಲ ಅಸಲಿಯೂ ಅಲ್ಲ. ನಮ್ಮ ಗಂಜಿನ ಧೂಳಿಗೆ ಅದರ ಕಣ್ಣುಗಳು ಬೇಗ ಮುಚ್ಚಿಹೋಗುತ್ತವೆ, ಮೆತ್ತನೆಯ ಕುಂಚದಿಂದ ಆಗಾಗ ಒರೆಸುತ್ತಿರಬೇಕು. ಇನ್ನು ಗೆರೆ ಎಳೆದು ನೋಡುವ ಅಯೋಡಿನ್ ಪೆನ್ನನ್ನು ನಾನು ಸಲಹೆ ಮಾಡುವುದಿಲ್ಲ. ಅದು ಕಾಗದದಲ್ಲಿ ಪಿಷ್ಟ ಇದೆಯೇ ಎಂದಷ್ಟೇ ಹೇಳುತ್ತದೆ; ಪಿಷ್ಟವಿಲ್ಲದ ಕಾಗದದಲ್ಲಿ ಮಾಡಿದ ಖೊಟ್ಟಿ ನೋಟು ಅದರಿಂದ ಸುಲಭವಾಗಿ ಪಾರಾಗುತ್ತದೆ.

ಸಂಶಯ ಬಂದಾಗ

ಮೊದಲ ನಿಯಮ: ಪರೀಕ್ಷೆ ಮುಗಿಯುವವರೆಗೆ ಸಾಮಾನನ್ನೂ ಚಿಲ್ಲರೆಯನ್ನೂ ಕೊಡಬಾರದು. ಎರಡನೆಯ ನಿಯಮ: ಚಿಲ್ಲರೆ ಎಣಿಸಿ ಕೊಟ್ಟು ಗಿರಾಕಿ ಒಪ್ಪುವವರೆಗೆ ಅವನ ನೋಟನ್ನು ಗಲ್ಲಾಕ್ಕೆ ಹಾಕಬಾರದು, ಕೌಂಟರಿನ ಮೇಲೆ ಇಬ್ಬರಿಗೂ ಕಾಣುವಂತೆ ತೂಕದ ಕಲ್ಲಿನ ಕೆಳಗೆ ಇಡಬೇಕು. ಗಲ್ಲಾಕ್ಕೆ ಹೋದ ನೋಟನ್ನು ಹೊರತೆಗೆದು ‘ಇದು ಖೊಟ್ಟಿ’ ಎಂದರೆ ‘ನಾನು ಕೊಟ್ಟಿದ್ದು ಇದಲ್ಲ’ ಎಂಬ ಉತ್ತರ ಬರುತ್ತದೆ, ಆ ಜಗಳಕ್ಕೆ ಕೊನೆಯಿಲ್ಲ. ಪರೀಕ್ಷೆಯನ್ನೂ ಗಿರಾಕಿಯ ಕಣ್ಣೆದುರಿಗೇ ಮಾಡಬೇಕು. ನೋಟು ಹಿಡಿದು ಒಳಗಿನ ಕೋಣೆಗೆ ಹೋಗಬಾರದು.

ಮಾತು ಹೇಗಿರಬೇಕು? ಖೊಟ್ಟಿ ನೋಟು ತರುವವರಲ್ಲಿ ಹೆಚ್ಚಿನವರು ತಾವೇ ಮೋಸ ಹೋದವರು. ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ಮಾವಶಿಗೆ ಆ ನೋಟು ಒಂದು ದಿನದ ದುಡಿಮೆ. ಅವರನ್ನು ಸಾಲಿನಲ್ಲಿ ನಿಂತವರೆದುರು ಕಳ್ಳರಂತೆ ಕಾಣುವುದು ಅನ್ಯಾಯ. ‘ಕಾಕಾ, ಈ ನೋಟಿನ ಮ್ಯಾಲ ನನಗ ಖಾತ್ರಿ ಆಗವಲ್ತು, ಬ್ಯಾರೇದು ಇದ್ರ ಕೊಡ್ರಿ’ ಎಂದು ಮೆಲ್ಲಗೆ ಹೇಳಿದರೆ ಸಾಕು. ‘ಯಾಕ್ರಿ, ಏನಾಗ್ಯಾದ?’ ಎಂದು ಅವರು ಕೇಳಿದರೆ, ಬಣ್ಣ ಬದಲಾಗದ ಎಳೆಯನ್ನು ಅಸಲಿ ನೋಟಿನ ಪಕ್ಕದಲ್ಲಿ ಓರೆ ಮಾಡಿ ತೋರಿಸಬೇಕು. ಹಾಗೆ ತೋರಿಸಿದ ಮೇಲೆ, ಆ ನೋಟನ್ನು ಬೇರೆ ಅಂಗಡಿಗೆ ಒಯ್ಯದೆ ಬ್ಯಾಂಕಿಗೆ ಒಯ್ಯುವುದೇ ಸರಿ, ಚಲಾಯಿಸಲು ಹೋದರೆ ಕೇಸಾಗುತ್ತದೆ ಎಂದೂ ತಿಳಿಸಬೇಕು. ನೋಟನ್ನು ಹರಿಯುವುದಾಗಲಿ, ಗಿರಾಕಿಯ ಕೈ ಹಿಡಿದು ನಿಲ್ಲಿಸುವುದಾಗಲಿ, ನಾಲ್ಕು ಜನರನ್ನು ಕೂಡಿಸುವುದಾಗಲಿ ಮಾಡಲೇಬಾರದು. ಒಬ್ಬನೇ ವ್ಯಕ್ತಿ ಹಲವು ಖೊಟ್ಟಿ ನೋಟು ಕೊಟ್ಟರೆ, ಒಂದೇ ಸಂಖ್ಯೆಯ ನೋಟುಗಳು ಕಂಡರೆ, ಒಂದು ಅಂಗಡಿಯಲ್ಲಿ ಹಿಂದಿರುಗಿಸಿದ ನೋಟನ್ನು ಅವನು ಪಕ್ಕದ ಅಂಗಡಿಯಲ್ಲಿ ಕೊಡುತ್ತಿದ್ದರೆ, ಆಗ 112ಕ್ಕೆ ಕರೆ ಮಾಡಿ, ಅವನ ಚಹರೆ ಮತ್ತು ಬೈಕಿನ ನಂಬರನ್ನು ಬರೆದಿಟ್ಟುಕೊಂಡು, ಉಳಿದದ್ದನ್ನು ಪೊಲೀಸರಿಗೆ ಬಿಡಬೇಕು.

ಗಲ್ಲಾಕ್ಕೆ ಬಿದ್ದ ಮೇಲೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 179ನೆಯ ಕಲಮಿನ ಪ್ರಕಾರ ಖೊಟ್ಟಿ ಎಂದು ತಿಳಿದೂ ಅಸಲಿಯೆಂಬಂತೆ ಚಲಾಯಿಸುವುದಕ್ಕೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. ಚಲಾಯಿಸುವ ಉದ್ದೇಶದಿಂದ ಇಟ್ಟುಕೊಳ್ಳುವುದಕ್ಕೆ 180ನೆಯ ಕಲಮು ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ನ್ಯಾಯವಾದ ಮಾರ್ಗದಿಂದಲೇ ತನಗೆ ಬಂತೆಂದು ತೋರಿಸಿಕೊಟ್ಟವನಿಗೆ ಆ ಕಲಮು ತಗಲುವುದಿಲ್ಲ. ಆದ್ದರಿಂದ ನೋಟು ಸಿಕ್ಕ ಕೂಡಲೇ ಅದನ್ನು ಬೇರೆ ಲಕೋಟೆಯಲ್ಲಿಟ್ಟು, ದಿನಾಂಕ ಮತ್ತು ಸಿಕ್ಕ ಸಂದರ್ಭವನ್ನು ಲಕೋಟೆಯ ಮೇಲೆ ಬರೆದು, ತಡಮಾಡದೆ ಬ್ಯಾಂಕಿಗೆ ಅಥವಾ ಠಾಣೆಗೆ ಒಯ್ಯಬೇಕು.

ಬ್ಯಾಂಕಿನವರು ಅದರ ಮೇಲೆ ಖೊಟ್ಟಿ ನೋಟೆಂಬ ಮುದ್ರೆ ಒತ್ತಿ, ಮುಟ್ಟುಗೋಲು ಹಾಕಿಕೊಂಡು, ನಿಗದಿತ ನಮೂನೆಯಲ್ಲಿ ರಸೀದಿ ಕೊಡುತ್ತಾರೆ. ರಸೀದಿ ಕೇಳಿ ಪಡೆಯುವುದು ನಮ್ಮ ಹಕ್ಕು. ಒಂದು ವ್ಯವಹಾರದಲ್ಲಿ ನಾಲ್ಕು ನೋಟುಗಳವರೆಗೆ ಸಿಕ್ಕರೆ ತಿಂಗಳಿಗೊಮ್ಮೆ ಪೊಲೀಸರಿಗೆ ಒಟ್ಟು ವರದಿ ಹೋಗುತ್ತದೆ. ಐದು ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್ ದಾಖಲಾಗುತ್ತದೆ. ಬ್ಯಾಂಕು ಖೊಟ್ಟಿ ನೋಟನ್ನು ಗಿರಾಕಿಗೆ ವಾಪಸು ಕೊಡುವಂತಿಲ್ಲ. ಇದನ್ನು ಕೇಳಿ ಹೆದರಿ ನೋಟನ್ನು ಒಲೆಗೆ ಹಾಕುವವರಿದ್ದಾರೆ. ಒಂದೆರಡು ನೋಟು ತಾನಾಗಿ ತಂದೊಪ್ಪಿಸಿದ ಅಂಗಡಿಕಾರ ಹೆದರಬೇಕಾದ್ದೇನೂ ಇಲ್ಲ, ಅವನು ಕೊಟ್ಟ ಮಾಹಿತಿಯಿಂದಲೇ ಅಂಥ ನೋಟು ಎಲ್ಲಿ ಓಡಾಡುತ್ತಿದೆ ಎಂದು ಪೊಲೀಸರಿಗೆ ತಿಳಿಯುವುದು.

ಒಳ್ಳೆಯ ನೋಟನ್ನು ಹಿಂದಿರುಗಿಸದಿರಲು

ಗಾಳಿಮಾತನ್ನು ನಂಬಿ ಅಸಲಿ ನೋಟನ್ನು ನಿರಾಕರಿಸುವುದೂ ಬಡ ಗಿರಾಕಿಗೆ ಆಗುವ ನಷ್ಟವೇ. ಹಸಿರು ಎಳೆ ಗವರ್ನರರ ಸಹಿಯ ಹತ್ತಿರವಿರದೆ ಗಾಂಧೀಜಿಯ ಚಿತ್ರದ ಹತ್ತಿರವಿದ್ದರೆ ನೋಟು ಖೊಟ್ಟಿ ಎಂಬ ಸಂದೇಶ ಮೊಬೈಲುಗಳಲ್ಲಿ ಓಡಾಡಿತ್ತು. ಅದು ಸುಳ್ಳು, ಎರಡು ಬಗೆಯೂ ಅಸಲಿಯೇ. ಕ್ರಮಸಂಖ್ಯೆಯ ನಡುವೆ ನಕ್ಷತ್ರದ ಚಿಹ್ನೆಯಿರುವ ನೋಟೂ ಅಸಲಿ. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದೆಂದು ಆ ಗುರುತು ಹಾಕುತ್ತಾರೆ. ಪೆನ್ನಿನಲ್ಲಿ ಬರೆದ ನೋಟು ಕೊಳೆಯಾಗಿರಬಹುದು, ಖೊಟ್ಟಿಯಲ್ಲ. ಹಿಂಭಾಗದಲ್ಲಿ ಹಿಮಪರ್ವತದ ಚಿತ್ರವಿರುವ ಹಳೆಯ ನೂರರ ನೋಟು ಈಗಲೂ ಚಲಾವಣೆಗೆ ಅರ್ಹ. ಎರಡು ಸಾವಿರದ ನೋಟನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂಪಡೆಯುವುದಾಗಿ ಘೋಷಿಸಿದರು, ಆದರೂ ಅದರ ಕಾನೂನುಬದ್ಧ ಮಾನ್ಯತೆಯನ್ನು ತೆಗೆದಿಲ್ಲ. ಹತ್ತರ ನಾಣ್ಯದ ವಿಷಯದಲ್ಲಿ ನಮ್ಮ ಭಾಗದ ಅಂಗಡಿಗಳು ತೋರುವ ಹಿಂಜರಿಕೆಗೂ ಆಧಾರವಿಲ್ಲ. ಆಗ ಚಾಲ್ತಿಯಲ್ಲಿದ್ದ 14 ವಿನ್ಯಾಸಗಳೂ ಮಾನ್ಯವೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ನೋಟಿನ ಗುರುತುಗಳ ಬಗ್ಗೆ ಸಂದೇಹ ಬಂದಾಗ ರಿಸರ್ವ್ ಬ್ಯಾಂಕಿನ ‘ಪೈಸಾ ಬೋಲ್ತಾ ಹೈ’ ಜಾಲತಾಣದಲ್ಲಿ ಪ್ರತಿ ನೋಟಿನ ಚಿತ್ರವನ್ನೂ ವಿವರವನ್ನೂ ನೋಡಬಹುದು.

ಕೊನೆಯದಾಗಿ, ಅಂಗಡಿಯ ಹುಡುಗರ ವಿಷಯ. ಮಾಲೀಕರು ಮಾಡುವ ಅತಿ ದೊಡ್ಡ ತಪ್ಪೆಂದರೆ ಖೊಟ್ಟಿ ನೋಟಿನ ನಷ್ಟವನ್ನು ಗಲ್ಲಾದಲ್ಲಿ ಕೂತ ಹುಡುಗನ ಪಗಾರದಿಂದ ಕಡಿಯುವುದು. ಒಮ್ಮೆ ಹಾಗೆ ಮಾಡಿದರೆ ಮುಂದಿನ ಸಲ ಅವನು ನೋಟನ್ನು ತೋರಿಸುವುದಿಲ್ಲ. ಅವಸರದಲ್ಲಿರುವ ಯಾವುದೋ ಗಿರಾಕಿಗೆ ಚಿಲ್ಲರೆಯೊಳಗೆ ಸೇರಿಸಿ ಕೊಡುತ್ತಾನೆ. ಆಗ ಖೊಟ್ಟಿ ನೋಟು ಹಂಚುವ ಅಂಗಡಿ ನಮ್ಮದೇ ಆಗುತ್ತದೆ, ಅಪರಾಧ ಆ ಹುಡುಗನ ತಲೆಗೆ ಬರುತ್ತದೆ. ಕೆಲಸಕ್ಕೆ ಸೇರಿದ ದಿನವೇ ಅವನ ಕೈಗೆ ಒಂದು ಅಸಲಿ ಐನೂರರ ನೋಟು ಕೊಟ್ಟು, ಉಗುರು ಎಳೆಯುವುದು, ಓರೆ ಮಾಡುವುದು, ಬೆಳಕಿಗೆ ಹಿಡಿಯುವುದು ಈ ಮೂರನ್ನೂ ಕೈಗೆ ಹತ್ತುವವರೆಗೆ ಮಾಡಿಸಬೇಕು. ಅಷ್ಟಾದರೂ ಒಂದು ನೋಟು ತಪ್ಪಿಸಿಕೊಂಡು ಬಂದರೆ, ಅದನ್ನು ಅಂದಿನ ಖಾತೆಯಲ್ಲಿ ಅಂಗಡಿಯ ನಷ್ಟವೆಂದು ಬರೆದು, ಮರುದಿನ ಬ್ಯಾಂಕಿಗೆ ಹೋಗುವಾಗ ಅವನನ್ನೂ ಜೊತೆಗೆ ಕರೆದೊಯ್ದು, ರಸೀದಿ ಪಡೆಯುವ ಕ್ರಮವನ್ನು ಅವನಿಗೂ ತೋರಿಸಬೇಕು.